ಹೊಸ್ತಿಲು ದಾಟದ ಧೂಳು

ನನ್ನ ಅಕ್ಕನ ಅತ್ತೆ ತುಂಗತ್ತೆಯ ಮನೆಯಲ್ಲಿ ಕಸ ಗುಡಿಸುವುದಕ್ಕೆ ಒಂದು ಕಾನೂನಿತ್ತು. ನಾನು ವೃತ್ತಿಯಲ್ಲಿ ವಕೀಲೆ. ಕಾನೂನಿನ ಪುಸ್ತಕಗಳನ್ನು ತಕ್ಕಮಟ್ಟಿಗೆ ಓದಿದ್ದೇನೆ, ಆದರೆ ಇಷ್ಟು ಬಿಗಿಯಾದ ಕಾನೂನನ್ನು ಎಲ್ಲೂ ಕಂಡಿಲ್ಲ. ಬೆಳಿಗ್ಗೆ ಹೊರಗೆ ಹೋದವರು ಸಂಜೆ ತಿರುಗಿ ಬರುವವರೆಗೆ ಆ ಮನೆಯಲ್ಲಿ ಯಾರೂ ಹಿಡಿಸೂಡಿ ಮುಟ್ಟುವಂತಿರಲಿಲ್ಲ.

ಹೋದವರ ಬೆನ್ನಿಗೇ ಗುಡಿಸಬಾರದೆಂಬ ಮಾತು ನಮ್ಮ ಕಾಸರಗೋಡಿನ ಕಡೆ ಎಲ್ಲ ಮನೆಗಳಲ್ಲೂ ಇದೆ. ಉಳಿದವರು ಸ್ವಲ್ಪ ಹೊತ್ತು ತಡೆದು, ಗೇಟು ಹಾಕಿದ ಶಬ್ದ ಕೇಳಿದ ಮೇಲೆ ಸರಸರ ಗುಡಿಸಿ ಮುಗಿಸುತ್ತಾರೆ. ದೇವರೂ ಅಷ್ಟಕ್ಕೆ ಸುಮ್ಮನಿರುತ್ತಾನೆ ಎಂದು ಕಾಣುತ್ತದೆ. ತುಂಗತ್ತೆಯ ಹತ್ತಿರ ಈ ರಿಯಾಯಿತಿ ನಡೆಯುತ್ತಿರಲಿಲ್ಲ. ದೂರದ ಊರಿಗೆ ಹೋದವರಾದರೆ, ತಲುಪಿದೆ ಎಂದು ಫೋನು ಬಂದರೆ ಸಾಕು. ಸಂಜೆಗೆ ಬರುತ್ತೇನೆ ಎಂದು ಹೋದವರಾದರೆ ಬಂದೇ ಆಗಬೇಕು, ಚಪ್ಪಲಿ ಕಳಚಿ ಒಳಗೆ ಕಾಲಿಡಲೇಬೇಕು.

ಈಗ ನಮ್ಮ ಮನೆಯ ವಿಷಯ ಕೇಳಿ. ಎರ್ನಾಕುಲಂನ ಕಲೂರಿನಲ್ಲಿ ಒಂದು ಬಾಡಿಗೆ ಮನೆ. ನನ್ನ ಅಕ್ಕ ಸುಶೀಲ ಹೈಕೋರ್ಟಿನಲ್ಲಿ ಅನುವಾದಕಿ. ಕಾಸರಗೋಡಿನಿಂದ ಬರುವ ಜಮೀನು ತಕರಾರಿನ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರುವುದು ಅವಳ ಕೆಲಸ. ಭಾವ ಉದಯಶಂಕರ ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿ, ಕಾನೂನು ಇಲಾಖೆಯಲ್ಲಿ. ಸೋಮವಾರ ಕತ್ತಲಿರುವಾಗಲೇ ರೈಲು ಹತ್ತಿದರೆ ಮತ್ತೆ ಬರುವುದು ಶುಕ್ರವಾರ. ಇಬ್ಬರ ಮಗಳು ಅಪೇಕ್ಷಾ ಒಂದನೇ ಕ್ಲಾಸು. ನಾನು ಹೈಕೋರ್ಟಿನಲ್ಲಿ ನಮ್ಮ ಊರಿನವರೇ ಆದ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಅಂದರೆ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ತುಂಗತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಹೊರಗೆ. ಎಲ್ಲರೂ ಸಂಜೆ ಬರುವವರೇ.

ಸಂಜೆ ಎಲ್ಲರೂ ಮನೆ ಸೇರುವಾಗ ಆರು. ಆರೂವರೆಗೆ ದೇವರಿಗೆ ದೀಪ. ದೀಪ ಹಚ್ಚಿದ ಮೇಲೆ ಗುಡಿಸಲಿಕ್ಕಿಲ್ಲ, ಅದು ಬೇರೆ ಕಾನೂನು. ನಡುವೆ ಸಿಗುವ ಅರ್ಧ ಗಂಟೆಯಲ್ಲಿ ತುಂಗತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ಕೋಣೆ, ಜಗಲಿ, ಮೆಟ್ಟಿಲು ಎಲ್ಲವನ್ನೂ ಗುಡಿಸಿ ಮುಗಿಸುತ್ತಿದ್ದರು. ಒಣಗಿದ ಮಣ್ಣು, ಬಸ್ಸಿನ ಹೊಗೆಯ ಮಸಿ, ಬಟ್ಟೆಯ ಜುಂಗು ಎಲ್ಲ ಸೇರಿ ಮನೆಯೊಳಗೆ ಮೋಡ ಕಟ್ಟುತ್ತಿತ್ತು. ಸಂಜೆ ಆರಕ್ಕೆ ಬಾ ಎಂದು ಹೇಳಿಸಿಕೊಂಡ ಕೆಲಸದವರು ಯಾರೂ ಎರಡನೇ ತಿಂಗಳು ಕಾಣಲಿಲ್ಲ.

ತುಂಗತ್ತೆ ಮಹಾ ಹಟಮಾರಿ ಎಂದು ನೀವು ಅಂದುಕೊಂಡರೆ ತಪ್ಪು. ಉಳಿದ ಯಾವ ವಿಷಯಕ್ಕೂ ಅವರದು ತಕರಾರಿರಲಿಲ್ಲ. ಎಪ್ಪತ್ತು ಸಮೀಪಿಸುವಾಗ ಕಾಸರಗೋಡಿನ ಹತ್ತಿರದ ಕುಂಬಳೆ ಬಿಟ್ಟು ಮಗನ ಸಂಸಾರಕ್ಕೆಂದು ಇಲ್ಲಿಗೆ ಬಂದವರು ತಿಂಗಳೊಳಗೆ ಕಲೂರಿನ ತರಕಾರಿ ಅಂಗಡಿಯವರೆಲ್ಲರ ಮನೆಮಂದಿಯ ಸುದ್ದಿ ತಿಳಿದುಕೊಂಡಿದ್ದರು. ಅವರ ಕುಂಬಳೆಯ ಮಲಯಾಳ ಕೇಳಿ ಎರ್ನಾಕುಲಂನವರು ನಗುತ್ತಿದ್ದರು, ನಕ್ಕು ಎರಡು ಬೆಂಡೆಕಾಯಿ ಹೆಚ್ಚು ಹಾಕುತ್ತಿದ್ದರು. ಮೊಮ್ಮಗಳೆಂದರೆ ಜೀವ. ರಾತ್ರಿ ಅವಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಕನ್ನಡದಲ್ಲಿ ಕತೆ ಹೇಳುವರು. ಆ ಹುಡುಗಿ ಕನ್ನಡವೆಲ್ಲ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ‘ಎನ್ನಿಟ್ಟ್?’ ಎನ್ನುವಳು, ಮುಂದೇನಾಯಿತು ಎಂದು. ಅಜ್ಜಿ ಮುಂದೆ ಹೇಳುವರು.

ಆ ಮಗುವಿಗೆ ಉಬ್ಬಸ ಶುರುವಾಯಿತು. ಮೊದಮೊದಲು ಶೀತ ಎಂದುಕೊಂಡೆವು. ಆಮೇಲೆ ಅವಳು ಉಸಿರೆಳೆದಾಗ ಎದೆಯಲ್ಲಿ ಸಣ್ಣ ಸಿಳ್ಳೆಯ ಶಬ್ದ ಕೇಳತೊಡಗಿತು. ಒಂದು ಸಂಜೆ, ಆಗಷ್ಟೇ ಗುಡಿಸಿ ಮುಗಿದಿತ್ತು, ಅಪೇಕ್ಷಾ ಸೋಫಾದ ಕೈ ಹಿಡಿದು ನಿಂತಳು. ಭುಜ ಮೇಲೆ ಕೆಳಗೆ ಆಗುತ್ತಿದೆ, ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ. ತುಟಿಯ ಬಣ್ಣ ನೋಡಿ ಅಕ್ಕ ಅವಳನ್ನು ಎತ್ತಿಕೊಂಡು ರಸ್ತೆಗೆ ಓಡಿದಳು. ನಾನು ಆಟೋ ನಿಲ್ಲಿಸಿದೆ. ಹಿಂದೆ ತಿರುಗಿ ನೋಡಿದರೆ ತುಂಗತ್ತೆ ಗೇಟಿನ ಹತ್ತಿರ ಬರಿಗಾಲಲ್ಲಿ ನಿಂತಿದ್ದರು. ಹಿಡಿಸೂಡಿ ಇನ್ನೂ ಕೈಯಲ್ಲೇ ಇತ್ತು.

ಮಕ್ಕಳ ಡಾಕ್ಟರು ಗ್ರೇಸಿ ಗದರುವ ಸ್ವಭಾವದವರಲ್ಲ. ಮಗುವಿನ ಮುಖಕ್ಕೆ ಔಷಧದ ಹಬೆಯ ಮುಚ್ಚಳ ಹಾಕಿ, ಉಸಿರು ಹದಕ್ಕೆ ಬಂದ ಮೇಲೆ, ಮನೆಯನ್ನು ಯಾವಾಗ ಗುಡಿಸುತ್ತೀರಿ ಎಂದು ಕೇಳಿದರು. ಅಕ್ಕ ಸಂಜೆ ಎಂದಳು.

“ಮಗು ಮನೆಯಲ್ಲಿರುವಾಗ?”

ಅಕ್ಕ ತಲೆ ತಗ್ಗಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಮಗು ಶಾಲೆಗೆ ಹೋದ ಮೇಲೆ ಮಾತ್ರ ಗುಡಿಸಬೇಕು. ಅದೂ ಪೊರಕೆಯಲ್ಲಿ ಬೇಡ, ಅದು ಧೂಳನ್ನು ಎಬ್ಬಿಸುತ್ತದೆ ಅಷ್ಟೆ. ಒಂದು ವ್ಯಾಕ್ಯೂಮ್ ಕ್ಲೀನರ್ ತಗೊಳ್ಳಿ, ಹಾಸಿಗೆ, ಸೋಫಾ, ಪರದೆ ಎಲ್ಲದರ ಧೂಳನ್ನೂ ಅದರಿಂದ ಎಳೆಯಿರಿ. ಆಮೇಲೆ ಕಿಟಕಿ ತೆರೆದಿಟ್ಟು ಗಾಳಿ ಆಡಲು ಬಿಡಿ ಎಂದರು. ಹೀಗೇ ಮುಂದುವರಿದರೆ ಮಗು ದೊಡ್ಡದಾದ ಮೇಲೂ ಈ ಎದೆ ಸರಿಯಾಗಲಿಕ್ಕಿಲ್ಲ ಎಂಬ ಮಾತನ್ನು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮನೆಗೆ ಬಂದು ನಾನೇ ವಾದ ಮಂಡಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆ ದಿನ ಅದಕ್ಕೂ ಮುಂದೆ ಬಂದಿತ್ತು. ತುಂಗತ್ತೆ ಎಲ್ಲ ಕೇಳಿದರು.

“ಅದೊಂದು ಆಗುದಿಲ್ಲ ವಿಜೇತಾ. ಬೇರೆ ಎಂತ ಬೇಕಾದ್ರೂ ಹೇಳು, ಮಾಡ್ತೇನೆ.”

“ಬೇರೆ ಎಂತ ಉಂಟು ಅತ್ತೆ? ಮಗು ಹೊರಗೆ ಹೋದಾಗ ಗುಡಿಸಬೇಕು, ಇಷ್ಟೇ.”

“ನಾನು ಸಂಜೆ ಮಗುವನ್ನು ಹೊರಗೆ ಕರ್ಕೊಂಡು ಹೋಗ್ತೇನೆ. ಆ ಹೊತ್ತಿಗೆ ನೀನು ಗುಡ್ಸು” ಎಂದರು. ಹೇಳುತ್ತಿದ್ದ ಹಾಗೆಯೇ ಅವರಿಗೇ ಹೊಳೆಯಿತು, ಕರೆದುಕೊಂಡು ಹೋದರೆ ಮಗು ಹೊರಗೆ ಹೋದ ಹಾಗೆಯೇ ಆಗುತ್ತದಲ್ಲ ಎಂದು. ಮಾತು ಅಲ್ಲಿಗೇ ನಿಂತಿತು. ಮಗು ಒಳಗಿರುವಾಗ ಗುಡಿಸಿದರೆ ಉಬ್ಬಸ, ಹೊರಗಿರುವಾಗ ಗುಡಿಸುವುದಕ್ಕೆ ಅವರ ಕೈ ಬರುವುದಿಲ್ಲ. ಭಾವ ತಿರುವನಂತಪುರದಲ್ಲಿ ಮಂತ್ರಿಗಳ ಕಡತಕ್ಕೇ ಆಕ್ಷೇಪ ಬರೆಯುವ ಮನುಷ್ಯ. ತಾಯಿಯ ಹತ್ತಿರ ಈ ಒಂದು ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದು ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು. ಮರುದಿನದಿಂದ ತುಂಗತ್ತೆ ಮಗುವಿನ ಮಂಚವನ್ನು ದಿನಕ್ಕೆ ನಾಲ್ಕು ಸಲ ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ಸಿಳ್ಳೆ ನಿಲ್ಲಲಿಲ್ಲ.

ಯಂತ್ರವನ್ನಾದರೂ ತರೋಣ, ಸಂಜೆಯ ಅರ್ಧ ಗಂಟೆಗಾದರೂ ಧೂಳು ಏಳದೆ ಇರಲಿ ಎಂದು ನಿಶ್ಚಯವಾಯಿತು. ಎರಡು ಊರಿನಲ್ಲಿ ಎರಡು ಬಾಡಿಗೆ ಕೊಡುವ ಸಂಸಾರ, ತುಂಬ ದುಬಾರಿಯದು ಸಾಧ್ಯವಿಲ್ಲ. ಎಂ.ಜಿ. ರಸ್ತೆಯ ಅಂಗಡಿಗಳಿಂದ ಯಂತ್ರಗಳ ವಿವರವಿದ್ದ ಬಣ್ಣಬಣ್ಣದ ಹಾಳೆಗಳನ್ನು ತಂದೆ, ಇಂಟರ್ನೆಟ್ ಕೆಫೆಯಲ್ಲಿ ಕುಳಿತು ಓದಿದೆ. ಕೈಗೆಟಕುವ ಯಂತ್ರಗಳಲ್ಲಿ ಎರಡು ಜಾತಿ. ಒಂದರ ಹೊಟ್ಟೆಯೊಳಗೆ ಕಾಗದದ ಚೀಲ. ಎಳೆದ ಧೂಳೆಲ್ಲ ಅದರಲ್ಲಿ ತುಂಬುತ್ತದೆ, ತುಂಬಿದ ಮೇಲೆ ಚೀಲವನ್ನೇ ಬಿಸಾಡಿ ಹೊಸದು ಹಾಕಬೇಕು. ಇನ್ನೊಂದಕ್ಕೆ ಚೀಲವಿಲ್ಲ, ಧೂಳು ಒಂದು ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ, ಕೆಲಸ ಮುಗಿದೊಡನೆ ಡಬ್ಬಿ ಕಳಚಿ ಹೊರಗೆ ಕೊಡವಿ, ತೊಳೆದು ಮತ್ತೆ ಸಿಕ್ಕಿಸಿದರಾಯಿತು.

ನಾನು ಚೀಲವಿಲ್ಲದ್ದರ ಪರ ನಿಂತೆ. ಚೀಲ ಕೊಳ್ಳುವ ಖರ್ಚಿಲ್ಲ, ಆ ಚೀಲ ಅಂಗಡಿಯಲ್ಲಿ ಸಿಗದೆ ಹೋದರೆ ಎಂಬ ಚಿಂತೆಯಿಲ್ಲ, ಎಷ್ಟು ಧೂಳು ಬಂತೆಂದು ಕಣ್ಣಾರೆ ನೋಡಬಹುದು. ಅಕ್ಕ ಎರಡೂ ಪಕ್ಷವನ್ನು ಹೇಳಿದಳು: ಚೀಲವಿಲ್ಲದ್ದನ್ನು ಕೊಡವುವಾಗ ಧೂಳು ಮತ್ತೆ ಹಾರುತ್ತದಂತೆ, ಚೀಲದ್ದು ಮುಚ್ಚಿಕೊಂಡೇ ಇರುತ್ತದಂತೆ, ಆದರೆ ಚೀಲ ತುಂಬುತ್ತ ಬಂದ ಹಾಗೆ ಎಳೆತ ಕಡಿಮೆಯಂತೆ. ಅನುವಾದಕರ ಬುದ್ಧಿ ಅದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳುವುದು, ತೀರ್ಪು ಮಾತ್ರ ಕೊಡದಿರುವುದು. ಕೊನೆಗೆ ಅಂಗಡಿಯವರೇ ಎರಡನ್ನೂ ಮನೆಗೆ ತಂದು ತೋರಿಸುವುದಾಗಿ ಒಪ್ಪಿದರು. ಬರುವುದಾದರೆ ಶನಿವಾರ ಬರಲಿ, ಉದಯನೂ ಮನೆಯಲ್ಲಿರುವಾಗ, ಎಂದು ತುಂಗತ್ತೆ ಷರತ್ತು ಹಾಕಿದರು.

ಶನಿವಾರ ಎರಡು ಪೆಟ್ಟಿಗೆಗಳೊಡನೆ ಆಟೋದಲ್ಲಿ ಬಂದಿಳಿದವರು ನೌಷಾದ್ ಎಂಬ ಮಟ್ಟಾಂಚೇರಿಯವರು. ನಡುವಯಸ್ಸು, ಕುತ್ತಿಗೆಗೆ ಟೈ, ಹಣೆಯಲ್ಲಿ ಬೆವರು. ತುಂಗತ್ತೆ ಅವರಿಗೆ ಮಜ್ಜಿಗೆ ಕೊಟ್ಟರು. ಆಮೇಲೆ ಮನೆಯವರ ತಲೆ ಎಣಿಸಿದರು, ಎಲ್ಲರೂ ಹೊಸ್ತಿಲಿನಿಂದ ಒಳಗಿದ್ದಾರೆ ಎಂದು ಖಾತ್ರಿಯಾದ ಮೇಲೆ “ಇನ್ನು ಶುರು ಮಾಡ್ಲಿಕ್ಕೆ ಅಡ್ಡಿಯಿಲ್ಲ” ಎಂದರು. ಧೂಳು ತಾಗದಿರಲೆಂದು ಒಳಕೋಣೆಯಲ್ಲಿ ಬಿಟ್ಟಿದ್ದ ಅಪೇಕ್ಷಾ ಚಾವಡಿಯ ಕಡೆಗಿನ ಕಿಟಕಿಯ ಗಾಜಿನ ಹಿಂದೆ ಮೂಗು ಒತ್ತಿ ನಿಂತಳು.

ಮೊದಲು ಚೀಲವಿಲ್ಲದ್ದು. ಅಜ್ಜಿ ಮೊಮ್ಮಗಳು ಮಲಗುವ ಹಾಸಿಗೆಯನ್ನು ಚಾವಡಿಗೆ ತಂದು ಹಾಕಿದೆವು. ಅದನ್ನು ಅದೇ ವಾರ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಾಗಿತ್ತು, ಹೊದೆಸಿದ ಬಟ್ಟೆ ಮಲ್ಲಿಗೆಯಷ್ಟು ಬಿಳಿ. ನೌಷಾದ್ ಗುಂಡಿ ಒತ್ತಿದರು. ಮನೆಯೆಲ್ಲ ಹೂಂಕರಿಸಿತು. ಕೊಳವೆಯ ಬಾಯನ್ನು ಆ ಬಿಳಿ ಬಟ್ಟೆಯ ಮೇಲೆ ಎಳೆದದ್ದೇ ತಡ, ಡಬ್ಬಿಯೊಳಗೆ ಬೂದುಬಣ್ಣದ ಹಿಟ್ಟು ಕಾಣಿಸಿಕೊಂಡು ಗಿರಗಿರ ಸುತ್ತತೊಡಗಿತು. ಇನ್ನೂ ಎಳೆದರು, ಇನ್ನೂ ಬಂತು. ನಾವು ನಾಲ್ವರೂ ಬಾಯಿ ತೆರೆದು ನೋಡುತ್ತಿದ್ದೆವು. ಕಣ್ಣಿಗೆ ಏನೇನೂ ಕಾಣದ ಕಡೆಯಿಂದ ಇಷ್ಟೊಂದು ಹೊರಟು ಬರುವುದನ್ನು ನೋಡಿ ನನಗೆ ಒಂದು ಬಗೆಯ ಭಯಭಕ್ತಿಯೇ ಹುಟ್ಟಿತು. ತುಂಗತ್ತೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಡಬ್ಬಿಗೆ ಮುಖ ಹತ್ತಿರ ತಂದರು.

“ದೇವರೇ, ಇದರಲ್ಲಾ ನಾನು ಮಗುವನ್ನು ಮಲಗಿಸುದು?” ಎಂದರು.

ನೌಷಾದ್ ಯಂತ್ರ ನಿಲ್ಲಿಸಿ, ಡಬ್ಬಿ ಕಳಚಿ, ಅಂಗಳಕ್ಕೆ ಇಳಿದು ಕೊಡವಿದರು. ಬೂದಿಯ ಹಾಗೆ ಎದ್ದ ಧೂಳನ್ನು ಗಾಳಿ ತಳ್ಳಿ ಅರ್ಧವನ್ನು ಜಗಲಿಗೇ ವಾಪಸು ತಂದಿತು. ತುಂಗತ್ತೆ ಬಾಗಿಲಲ್ಲೇ ನಿಂತು ಅವರನ್ನು ತಡೆಯುವವರ ಹಾಗೆ ಒಂದು ಕೈ ಮುಂದೆ ಚಾಚಿದ್ದರು. ಒಳಗಿದ್ದ ಭಾವನನ್ನು, ಅಕ್ಕನನ್ನು, ನನ್ನನ್ನು, ಕಿಟಕಿಯ ಹಿಂದಿನ ಮಗುವನ್ನು ಮತ್ತೆ ಒಮ್ಮೆ ನೋಡಿದರು.

“ಪ್ರತಿ ಸಲವೂ ಹೀಗೆ ಹೊರಗೆ ಹಾಕ್ಬೇಕಾ?”

“ಪ್ರತಿ ಸಲ, ಅಮ್ಮೇ. ಹಾಗಿದ್ದರೇ ಎಳೆತ ಚೆನ್ನಾಗಿರುವುದು” ಎಂದರು ನೌಷಾದ್ ಮಲಯಾಳದಲ್ಲಿ. ತುಂಗತ್ತೆಯ ಮುಖ ಬಾಡಿತು.

ಎರಡನೆಯದು ನೋಡಲು ಚಂದವಿರಲಿಲ್ಲ. ಕಡುಗೆಂಪು ಬಣ್ಣದ ಮೊಂಡು ಪೆಟ್ಟಿಗೆ. ಸೋಫಾ, ಪರದೆ, ಹಾಸಿಗೆಯ ಇನ್ನೊಂದು ಮಗ್ಗುಲು ಎಲ್ಲವನ್ನೂ ಎಳೆದರು. ಒಳಗೇನಾಗುತ್ತಿದೆ ಎಂದು ಕಾಣಿಸುತ್ತಿರಲಿಲ್ಲ. ನಿಲ್ಲಿಸಿ ಮುಚ್ಚಳ ತೆಗೆದು ಕಾಗದದ ಚೀಲ ತೋರಿಸಿದರು, ಸ್ವಲ್ಪ ಉಬ್ಬಿತ್ತು. ಮುಚ್ಚಳ ಹಾಕಿದರು.

“ಅದನ್ನು ಯಾವಾಗ ಹೊರಗೆ ಹಾಕುದು?” ತುಂಗತ್ತೆ ಕೇಳಿದರು.

“ತುಂಬಿದ ಮೇಲೆ. ಒಂದು ತಿಂಗಳು, ಒಂದೂವರೆ ತಿಂಗಳು ಹೋಗಬಹುದು.”

“ಅಲ್ಲಿವರೆಗೆ ಧೂಳು ಎಲ್ಲಿರ್ತದೆ?”

ನೌಷಾದ್ ಸಂಕೋಚದಿಂದ ಟೈ ಸರಿ ಮಾಡಿಕೊಂಡರು. ಇದೇ ಆ ಯಂತ್ರದ ಕುಂದು ಎಂದು ಅವರು ತಿಳಿದಿದ್ದರೆಂದು ಕಾಣುತ್ತದೆ. “ಅದೊಂದು ಇದೆ ಅಮ್ಮೇ. ಧೂಳು ಮನೆಯೊಳಗೇ ಉಳಿಯುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ.”

“ಒಳಗೇ ಇರ್ತದಾ? ಒಂದು ಚೂರೂ ಹೊಸ್ತಿಲು ದಾಟುದಿಲ್ಲವಾ?”

“ಇಲ್ಲ ಅಮ್ಮೇ. ನೀವಾಗಿ ತೆಗೆಯುವವರೆಗೆ ಇಲ್ಲ.”

ತುಂಗತ್ತೆ ಆ ಕೆಂಪು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. “ಇದೇ ಆಗ್ಲಿ.”

ನಾನು ಸುಮ್ಮನಿರುವವಳಲ್ಲ. ಚೀಲದ ಖರ್ಚು, ಎಳೆತ, ಸಿಗದಿದ್ದರೆ ಕಷ್ಟ, ಎಲ್ಲವನ್ನೂ ಮತ್ತೆ ಸುರುಮಾಡಿದೆ. ತುಂಗತ್ತೆ ನನ್ನ ಮಾತು ಮುಗಿಯಲು ಬಿಟ್ಟರು.

“ವಿಜೇತಾ, ಇದಾದ್ರೆ ನಾನು ಮಗು ಶಾಲೆಗೆ ಹೋದ ಮೇಲೆ ಗುಡಿಸ್ತೇನೆ.”

ಭಾವ ಕುಳಿತಲ್ಲಿಂದ ಎದ್ದು ನಿಂತರು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಏನೋ ಬಲು ದೊಡ್ಡದು ನಡೆದುಹೋಯಿತೆಂದು ಇಬ್ಬರ ಮುಖದಲ್ಲೂ ಬರೆದಿತ್ತು. ನನಗೊಬ್ಬಳಿಗೆ ತಿಳಿದಿರಲಿಲ್ಲ.

ನೌಷಾದ್ ಹೋದ ಮೇಲೆ, ಊಟದ ಮೇಜಿನ ಹತ್ತಿರ ಕುಳಿತು ತುಂಗತ್ತೆಯೇ ಹೇಳಿದರು. ಮಾವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡದ್ದು ನನಗೆ ಗೊತ್ತಿತ್ತು. ಹೇಗೆಂದು ಗೊತ್ತಿರಲಿಲ್ಲ.

“ಉದಯನಿಗೆ ಆಗ ಮೂರು ವರ್ಷ. ಇವನ ಅಪ್ಪ ಕನ್ನಡಕ ಮಾಡಿಸ್ಲಿಕ್ಕೆ ಅಂತ ಮಂಗಳೂರಿಗೆ ಹೊರಟದ್ದು. ಸಂಜೆ ಬರ್ತೇನೆ ಅಂತ ಹೇಳಿದ್ರು. ನನಗೆ ಆ ದಿನ ಕೆಲಸ ರಾಶಿ ಇತ್ತು, ಮಾರಾಯ್ತಿ. ಅವರು ಗೇಟು ದಾಟುವ ಮೊದ್ಲೇ ಹಿಡಿಸೂಡಿ ತಗೊಂಡೆ. ಅಂಗಳದಲ್ಲಿ ಅವರ ಚಪ್ಪಲಿ ಗುರ್ತು ಇತ್ತು. ಅದರ ಮೇಲೆಯೇ ಗುಡಿಸಿದೆ.” ನಿಲ್ಲಿಸಿ ನೀರು ಕುಡಿದರು. “ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡ್ಕೊಂಡು ಕೂತವರು ಮತ್ತೆ ಏಳ್ಲಿಲ್ಲ. ಸಂಜೆ ಜೀಪಿನಲ್ಲಿ ತಂದ್ರು. ನಮ್ಮ ಅತ್ತಿಗೆ ಬಂದವರು ಕೇಳಿದ್ರು, ‘ಅವ ಗೇಟು ದಾಟುವಷ್ಟೂ ನಿನಗೆ ಪುರುಸೊತ್ತಿರ್ಲಿಲ್ವಾ?’ ಅಂತ. ಒಂದೇ ಸಲ ಕೇಳಿದ್ದು. ಮತ್ತೆ ಯಾರೂ ಎಂತದೂ ಹೇಳ್ಲಿಲ್ಲ.”

ನಾನು ಬಾಯಿ ತೆರೆದೆ. ಭಾವ ನನ್ನ ಕಡೆ ನೋಡಿದರು, ಮುಚ್ಚಿದೆ. ತುಂಗತ್ತೆಗೆ ಅದು ಕಾಣಿಸಿತು.

“ಹಿಡಿಸೂಡಿಗೂ ಹಾರ್ಟಿಗೂ ಸಂಬಂಧ ಇಲ್ಲ ಅಂತ ನೀನು ಹೇಳ್ಲಿಕ್ಕೆ ಹೊರಟದ್ದಲ್ವಾ? ನನಗೂ ಗೊತ್ತುಂಟು. ತಲೆಗೆ ಗೊತ್ತಿದ್ರೆ ಆಯ್ತಾ? ಕೈ ಕೇಳ್ಬೇಕಲ್ಲ.” ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈಯೆಂಬಂತೆ ಅದನ್ನು ನೋಡಿದರು. “ಈ ಪೆಟ್ಟಿಗೆಯಾದ್ರೆ ಮಗುವಿನ ಕಾಲಿನ ಧೂಳು ಮನೆಯೊಳಗೇ ಉಳೀತದೆ. ಮಗು ಬಂದ ಮೇಲೆ ಬೇಕಾದ್ರೆ ಬಿಸಾಡುವ. ಇಷ್ಟಕ್ಕೆ ಕೈ ಒಪ್ತದೋ ಏನೋ, ನೋಡ್ತೇನೆ.”

ನಾನು ಹಾಳೆಗಳನ್ನೆಲ್ಲ ಓದಿ ಖರ್ಚು, ಎಳೆತ, ಬಾಳಿಕೆ ತೂಗಿದ್ದೆ. ಇವರು ತಮ್ಮೊಳಗಿನ ಮೂವತ್ತು ವರ್ಷದ ಭಯಕ್ಕೆ ಹೊಂದುವ ಯಂತ್ರ ಯಾವುದೆಂದು ನೋಡಿದ್ದರು. ಅಂಥ ಆಯ್ಕೆಯೊಂದು ಇರಬಹುದೆಂದೇ ನನಗೆ ಹೊಳೆದಿರಲಿಲ್ಲ. ಆ ರಾತ್ರಿಯೆಲ್ಲ ನನಗೆ ಅದೇ ಯೋಚನೆ.

ಸೋಮವಾರ ಭಾವ ರೈಲು ಹತ್ತಿದರು. ಎಂಟಕ್ಕೆ ಶಾಲೆಯ ವ್ಯಾನು ಬಂತು. ತುಂಗತ್ತೆ ಗೇಟಿನವರೆಗೆ ಹೋಗಿ ಅಪೇಕ್ಷಾಳ ಚೀಲವನ್ನು ಬೆನ್ನಿಗೆ ಹಾಕಿ “ಹೋಗಿ ಬಾ ಮಗಾ” ಎಂದರು. ಅಕ್ಕ ಹೊರಟಳು. ನನಗೆ ಬೆಳಿಗ್ಗೆ ಕೇಸಿಲ್ಲ ಎಂದು ಸುಳ್ಳು ಹೇಳಿ ಉಳಿದುಕೊಂಡೆ. ಹತ್ತು ದಾಟಿದ ಮೇಲೆ ತಿರುವನಂತಪುರದಿಂದ ‘ತಲುಪಿದೆ’ ಎಂದು ಭಾವನ ಫೋನು ಬಂತು. ತುಂಗತ್ತೆ ರಿಸೀವರು ಕೆಳಗಿಟ್ಟು ಕೈತೊಳೆದು, ಸೆರಗು ಸಿಕ್ಕಿಸಿ, ಕೆಂಪು ಪೆಟ್ಟಿಗೆಯ ಮುಂದೆ ನಿಂತರು.

ಬಹಳ ಹೊತ್ತು ನಿಂತರು. ಬೆರಳು ಗುಂಡಿಯ ಹತ್ತಿರ ಹೋಗುತ್ತದೆ, ವಾಪಸು ಬರುತ್ತದೆ.

“ನಾನು ಒತ್ತುತ್ತೇನೆ ಅತ್ತೆ” ಎಂದೆ.

“ಬೇಡ. ನಾನೇ ಒತ್ಬೇಕು.”

ಹಣೆಯ ಮೇಲೆ ಬೆವರು ಮೂಡಿತ್ತು. ಕಣ್ಣು ಮುಚ್ಚಿ ಒತ್ತಿಬಿಟ್ಟರು. ಯಂತ್ರ ಹೂಂಕರಿಸಿತು. ಯುದ್ಧಕ್ಕೆ ಹೋದವರ ಕತೆ ಕೇಳಿದ್ದೇನೆ, ನೋಡಿದ್ದು ಇದೊಂದನ್ನೇ. ಕೊಳವೆ ಹಿಡಿದು ಒಂದು ಹೆಜ್ಜೆ ಇಟ್ಟರು. ಚಾವಡಿ ಮುಗಿಸಿದರು, ಕೋಣೆಗಳನ್ನು ಮುಗಿಸಿದರು, ಮಗುವಿನ ಹಾಸಿಗೆಯನ್ನು ಎರಡೆರಡು ಸಲ ಎಳೆದರು. ಕೊನೆಗೆ ಮುಚ್ಚಳ ತೆಗೆದು, ಚೀಲ ಇದ್ದಲ್ಲೇ ಇದೆಯೆಂದು ನೋಡಿ, ಪೆಟ್ಟಿಗೆಯನ್ನು ದೇವರ ಕೋಣೆಯ ಗೋಡೆಗೆ ತಾಗಿಸಿ ಇಟ್ಟರು. ಅಲ್ಲಿಟ್ಟರೆ ಯಾರೂ ಮುಟ್ಟುವುದಿಲ್ಲವಂತೆ.

ಮಧ್ಯಾಹ್ನ ಕೋರ್ಟಿಗೆ ಹೋದವಳು ಮನಸ್ಸು ನಿಲ್ಲದೆ ನಾಲ್ಕಕ್ಕೇ ಹೊರಟು ಬಂದೆ. ಜೋರು ಮಳೆ. ಮೂರೂವರೆಗೆ ಬರಬೇಕಾದ ವ್ಯಾನು ಬಂದಿರಲಿಲ್ಲ. ತುಂಗತ್ತೆ ಗೇಟಿನ ಹೊರಗೆ ನಿಂತಿದ್ದರು, ಕೊಡೆ ಇದ್ದೂ ಅರ್ಧ ನೆನೆದಿದ್ದರು. ಶಾಲೆಗೆ ಫೋನು ಮಾಡಿದರೆ ಯಾರೂ ಎತ್ತುತ್ತಿಲ್ಲ. ನನ್ನನ್ನು ಕಂಡೊಡನೆ ಕೈ ಹಿಡಿದುಕೊಂಡರು, ಮಂಜುಗಡ್ಡೆಯಷ್ಟು ತಣ್ಣಗಿತ್ತು.

“ವಿಜೇತಾ, ಚೀಲ ಒಳಗೇ ಉಂಟು. ನಾನು ತೆಗೀಲಿಲ್ಲ. ಎರಡು ಸಲ ನೋಡಿದೆ, ಒಳಗೇ ಉಂಟು.”

“ರಸ್ತೆ ಬ್ಲಾಕ್ ಆಗಿರಬಹುದು ಅತ್ತೆ, ಜಂಕ್ಷನ್ನಿನಲ್ಲಿ ನೀರು ನಿಂತಿದೆ” ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಭಾಷಣ ಮಾಡಿ ಕಪ್ಪು ಗೆದ್ದವಳು ನಾನು. ಆ ಮಳೆಯಲ್ಲಿ ನಿಂತು, ಆ ಚೀಲ ಒಳಗೇ ಇದೆಯಲ್ಲ ಎಂದು ನನಗೂ ಸಮಾಧಾನವಾಗುತ್ತಿತ್ತು.

ವ್ಯಾನು ಬಂತು. ಅಪೇಕ್ಷಾ ಬಾಗಿಲಲ್ಲಿ ನಿಂತು ಕೊಡೆಯಿಲ್ಲದೆ ಇಳಿಯುತ್ತೇನೆ ಎಂದು ಹಟ ಮಾಡುತ್ತಿದ್ದಳು. “ಅಜ್ಜೀ, ಭಯಂಗರ ಬ್ಲೋಕ್ಕಾಯಿರುನ್ನು!” ಎಂದು ಅಲ್ಲಿಂದಲೇ ಕೂಗಿದಳು, ದಾರಿಯಲ್ಲಿ ವಿಪರೀತ ಬ್ಲಾಕ್ ಇತ್ತೆಂದು. ತುಂಗತ್ತೆ ಅವಳನ್ನು ಇಳಿಸಿಕೊಂಡು, ಅವಳ ಒದ್ದೆ ಚೀಲ ತಾವು ಹೊತ್ತುಕೊಂಡು, ಜಗಲಿಯ ಮೆಟ್ಟಿಲವರೆಗೆ ಬಂದು ಅಲ್ಲೇ ಕುಸಿದು ಕುಳಿತರು. ಆ ಸಂಜೆ ಅವರ ಮುಖ ನೋಡಿ, ಪೆಟ್ಟಿಗೆಯ ಕತೆ ಇಲ್ಲಿಗೆ ಮುಗಿಯಿತು ಎಂದು ನಾನೂ ಅಕ್ಕನೂ ಮಾತಾಡಿಕೊಂಡೆವು. ಇನ್ನು ಅವರನ್ನು ಒತ್ತಾಯಿಸುವುದು ಬೇಡ ಎಂದಳು ಅಕ್ಕ.

ಮರುದಿನ ಮಗುವನ್ನು ವ್ಯಾನು ಹತ್ತಿಸಿದವಳು ನಾನು. ಒಳಗೆ ಬಂದು ಚಹಾಕ್ಕೆ ನೀರಿಡುವಾಗ ಚಾವಡಿಯಲ್ಲಿ ಹೂಂಕಾರ ಕೇಳಿಸಿತು. ಓಡಿ ಹೋಗಿ ನೋಡಿದೆ. ತುಂಗತ್ತೆ ಕೊಳವೆ ಹಿಡಿದು ಸೋಫಾದ ಸಂದಿಗೆ ಬಾಗಿದ್ದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಕ್ಕೂ ನಿಲ್ಲಲಿಲ್ಲ. ಹೈಕೋರ್ಟಿನಲ್ಲಿ ದೊಡ್ಡ ದೊಡ್ಡವರು ಎದೆಯುಬ್ಬಿಸಿ ನಿಂತದ್ದನ್ನು ಕಂಡಿದ್ದೇನೆ. ಅವರಲ್ಲಿ ಯಾರ ಮುಂದೆಯೂ ನನ್ನ ತಲೆ ಹೀಗೆ ತಾನಾಗಿ ಬಾಗಿದ್ದಿಲ್ಲ.

ಆಮೇಲೆ ಅದು ದಿನಚರಿಯಾಯಿತು. ಅಳು ನಿಂತಿತು, ಗೊಣಗಾಟ ಶುರುವಾಯಿತು. ನಮ್ಮ ತಲೆಗೂದಲು ಕೊಳವೆಗೆ ಸುತ್ತಿಕೊಳ್ಳುತ್ತದೆಂದು ನನಗೂ ಅಕ್ಕನಿಗೂ ಬೈಗುಳ. ಚೀಲ ತುಂಬಿದರೆ ಬಿಸಾಡುವುದು ಭಾನುವಾರವೇ, ಎಲ್ಲರೂ ಒಳಗಿರುವಾಗ. ಒಂದು ಭಾನುವಾರ ಭಾವ ಹೇಳದೆ ಕೇಳದೆ ಪೇಪರು ತರಲು ಹೋಗಿದ್ದರೆಂದು ತುಂಬಿದ ಚೀಲ ಅಂಗಳದ ತುದಿಯಿಂದ ತಿರುಗಿ ಒಳಗೆ ಬಂತು. ಚೀಲದ ಖರ್ಚಿನ ಬಗ್ಗೆ ನಾನು ಮತ್ತೆ ಉಸಿರೆತ್ತಲಿಲ್ಲ.

ಮಳೆಗಾಲ ಮುಗಿದು, ಒಣ ಹವೆ ಬಂದು, ಉಬ್ಬಸದವರಿಗೆ ಕೆಟ್ಟ ಕಾಲವೆಂದು ಹೇಳುವ ದಿನಗಳು ಬಂದವು. ಅಪೇಕ್ಷಾ ಮೆಟ್ಟಿಲು ಹತ್ತಿ ಇಳಿದು ಓಡುತ್ತಿದ್ದಳು. ಡಾಕ್ಟರು ಗ್ರೇಸಿಗೆ ತೋರಿಸಲು ಹೋದಾಗ ತುಂಗತ್ತೆಯೂ ಬಂದರು. ಡಾಕ್ಟರು ಮಗುವಿನ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದರು. ಮತ್ತೊಂದು ಸಲ ಆಲಿಸಿದರು. ಅಷ್ಟು ಹೊತ್ತೂ ತುಂಗತ್ತೆ ನಿಂತೇ ಇದ್ದರು.

“ಸಿಳ್ಳೆ ಇಲ್ಲ. ಚೆನ್ನಾಗಿದೆ” ಎಂದರು ಡಾಕ್ಟರು, ಔಷಧ ಕಡಿಮೆ ಮಾಡೋಣ ಎಂದರು. ಹಾಸಿಗೆಯನ್ನು ಯಾರು ಎಳೆಯುವುದು ಎಂದು ಕೇಳಿದರು. ಅಕ್ಕ ತುಂಗತ್ತೆಯ ಕಡೆ ಕೈ ತೋರಿದಳು.

“ನನಗೊಮ್ಮೆ ಕೇಳ್ಬಹುದಾ?” ತುಂಗತ್ತೆ ಡಾಕ್ಟರಿಗೆ ಕನ್ನಡದಲ್ಲೇ ಕೇಳಿದರು. ಡಾಕ್ಟರಿಗೆ ಮಾತು ತಿಳಿಯದಿದ್ದರೂ ಅವರ ಕಣ್ಣು ಎಲ್ಲಿದೆಯೆಂದು ತಿಳಿಯಿತು. ತಮ್ಮ ಕಿವಿಯಿಂದ ಸ್ಟೆತಸ್ಕೋಪು ತೆಗೆದು, ತುಂಗತ್ತೆಯ ಕಿವಿಗೆ ಸಿಕ್ಕಿಸಿ, ಅದರ ಬಿಲ್ಲೆಯನ್ನು ಅವರ ಕೈಗೆ ಕೊಟ್ಟು, ಆ ಕೈಯನ್ನು ಹಿಡಿದು ಮಗುವಿನ ಬೆನ್ನ ಮೇಲೆ ಇಟ್ಟರು.

ತುಂಗತ್ತೆ ಕಣ್ಣು ಮುಚ್ಚಿದರು.

“ಹೋಗ್ತದೆ” ಎಂದರು ಮೆಲ್ಲಗೆ. ಮಗುವಿನ ಉಸಿರು ತಿರುಗಿದಾಗ, “ಬರ್ತದೆ” ಎಂದರು. “ಹೋಗ್ತದೆ... ಬರ್ತದೆ. ಸುಶೀಲಾ, ಹೋದದ್ದೆಲ್ಲ ವಾಪಸ್ ಬರ್ತಾ ಉಂಟು ಮಗಾ.”

ಹೊರಗೆ ಬೇರೆ ಮಕ್ಕಳು ಕಾಯುತ್ತಿದ್ದರು. ಡಾಕ್ಟರು ಸ್ಟೆತಸ್ಕೋಪನ್ನು ವಾಪಸು ಕೇಳಲಿಲ್ಲ. ಅಪೇಕ್ಷಾ ಕತ್ತು ತಿರುಗಿಸಿ ಅಜ್ಜಿಯ ಮುಖ ನೋಡಿದಳು. ಅಜ್ಜಿಗೆ ಇನ್ನೂ ಚೆನ್ನಾಗಿ ಕೇಳಲಿ ಎಂದು, ಭುಜ ಎತ್ತಿ, ಹೊಟ್ಟೆಯುಬ್ಬಿಸಿ, ಒಂದು ದೊಡ್ಡ ಉಸಿರು ಎಳೆದುಕೊಂಡಳು.